ಊಟಕ್ಕೇ ಹೆದರುವವರಿಗೆ ಡಯಟಿಷಿಯನ್ ಏನು ಮಾಡುತ್ತಾರೆ?

ಡಯಟಿಷಿಯನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಒಂದು ಚಾರ್ಟ್. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಅಷ್ಟು, ಸಕ್ಕರೆ ಬೇಡ, ಕರಿದದ್ದು ಬೇಡ, ರಾತ್ರಿ ಅನ್ನ ಬೇಡ. ತೂಕ ಇಳಿಸಬೇಕು ಅಂದರೆ, ಶುಗರ್ ಬಂದಿದೆ ಅಂದರೆ ಅವರ ಹತ್ತಿರ ಹೋಗುತ್ತೇವೆ. ಹಾಗಾಗಿ ಊಟ ಬಿಟ್ಟು ಬಿಟ್ಟು ಸೊರಗಿ ಹೋದ ಮಗಳನ್ನೋ, ರಾತ್ರಿ ಎಲ್ಲರೂ ಮಲಗಿದ ಮೇಲೆ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಮಗನನ್ನೋ ಡಯಟಿಷಿಯನ್‌ಗೆ ತೋರಿಸಿ ಎಂದು ಡಾಕ್ಟರ್ ಹೇಳಿದರೆ ಮನೆಯವರಿಗೆ ಗೊಂದಲ ಆಗುತ್ತದೆ. ತಿನ್ನಬೇಡ ಅನ್ನುವವರ ಹತ್ತಿರ ತಿನ್ನದವರನ್ನು ಯಾಕೆ ಕಳಿಸುತ್ತಾರೆ?

ಹೀಗೆ ಊಟದ ಜೊತೆಗಿನ ಸಂಬಂಧವೇ ಕೆಡುವ ಮನಸ್ಸಿನ ಕಾಯಿಲೆಗಳಿಗೆ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಇದರ ಚಿಕಿತ್ಸೆಯಲ್ಲಿ ಡಯಟಿಷಿಯನ್ ಕೆಲಸ ನಾವು ಅಂದುಕೊಂಡಿದ್ದಕ್ಕೆ ಹೆಚ್ಚುಕಡಿಮೆ ಉಲ್ಟಾ. ಊಟದ ಸುತ್ತ ಕಾಯಿಲೆ ಕಟ್ಟಿರುವ ನಿಯಮಗಳನ್ನು ಒಂದೊಂದಾಗಿ ಬಿಚ್ಚುವುದು ಅವರ ಕೆಲಸ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ವರ್ಷಗಳೇ ಹಾಳಾಗುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಅನೊರೆಕ್ಸಿಯಾ ನರ್ವೋಸಾ ಇರುವವರು ದೇಹಕ್ಕೆ ಬೇಕಾದಷ್ಟು ತಿನ್ನುವುದಿಲ್ಲ. ತೂಕ ಅಪಾಯದ ಮಟ್ಟಕ್ಕೆ ಇಳಿದರೂ ದಪ್ಪ ಆಗಿಬಿಡುತ್ತೇನೆ ಅನ್ನುವ ಭಯ ಅವರನ್ನು ಬಿಡುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲೇ ಇದಕ್ಕೆ ಈ ಹೆಸರು ಕೊಟ್ಟಿದ್ದರು, ಅಂದರೆ ಇದು ಇನ್‌ಸ್ಟಾಗ್ರಾಂ ಕಾಲದಲ್ಲಿ ಹುಟ್ಟಿದ ಕಾಯಿಲೆ ಅಲ್ಲ. ಬುಲಿಮಿಯಾದಲ್ಲಿ ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸಲು ಆಗದಿರುವುದು, ಆಮೇಲೆ ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಅತಿಯಾದ ವ್ಯಾಯಾಮದಿಂದ ಅದನ್ನು ಅಳಿಸಿಹಾಕಲು ನೋಡುವುದು ಇರುತ್ತದೆ. ಇದನ್ನು ಬೇರೆ ಕಾಯಿಲೆ ಎಂದು 1979ರಲ್ಲಿ ವಿವರಿಸಿದವರು ಮನೋವೈದ್ಯ ಜೆರಾಲ್ಡ್ ರಸೆಲ್. ಬಿಂಜ್ ಈಟಿಂಗ್‌ನಲ್ಲಿ ಅತಿಯಾಗಿ ತಿನ್ನುವುದು ಇದೆ, ಅಳಿಸಿಹಾಕುವ ಪ್ರಯತ್ನ ಇಲ್ಲ, ಆದರೆ ನಾಚಿಕೆ ಮತ್ತು ನೋವು ಅಷ್ಟೇ ಇರುತ್ತದೆ. ಅರ್ಫಿಡ್ ಎಂದು ಇನ್ನೊಂದಿದೆ, ಮಕ್ಕಳಲ್ಲಿ ಜಾಸ್ತಿ ಕಾಣುವುದು. ಅಲ್ಲಿ ದಪ್ಪ ಆಗುವ ಭಯ ಇರುವುದಿಲ್ಲ. ಆಹಾರದ ವಾಸನೆ, ಮೆತ್ತಗಿರುವುದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಹೆದರಿಕೆ, ಇಂಥ ಕಾರಣಕ್ಕೆ ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ತಿನ್ನುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಏಷ್ಯಾದ ವೈದ್ಯರು ಹಿಂದಿನಿಂದ ಗಮನಿಸಿರುವ ಹಾಗೆ, ಅನೊರೆಕ್ಸಿಯಾ ಇರುವ ಕೆಲವರು ದಪ್ಪ ಆಗುವ ಭಯದ ಬಗ್ಗೆ ಬಾಯಿಯನ್ನೇ ಬಿಡುವುದಿಲ್ಲ. ಹೊಟ್ಟೆ ಉಬ್ಬರ, ಗ್ಯಾಸ್, ಹಸಿವೇ ಆಗಲ್ಲ, ತಿಂದರೆ ಸಂಕಟ ಎನ್ನುತ್ತಾರೆ. ಮನೆಯವರು ಎಂಡೋಸ್ಕೋಪಿ ಮಾಡಿಸುತ್ತಾರೆ, ಥೈರಾಯ್ಡ್ ನೋಡಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ರಿಪೋರ್ಟ್ ಎಲ್ಲಾ ನಾರ್ಮಲ್. ಕಾಯಿಲೆ ಜೋರಾಗಿದ್ದರೂ ರಕ್ತಪರೀಕ್ಷೆ ಸರಿಯಾಗಿಯೇ ಬರಬಹುದು ಅನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ರಿಪೋರ್ಟ್ ಚೆನ್ನಾಗಿದೆ ಅಂದರೆ ಹುಡುಗಿ ಚೆನ್ನಾಗಿದ್ದಾಳೆ ಎಂದಲ್ಲ.

ಮನಸ್ಸಿನ ಕಾಯಿಲೆ ಅಂದ ಮೇಲೆ ಮೊದಲು ಮನಸ್ಸು ಸರಿಮಾಡಿ, ಊಟ ತಾನಾಗಿ ಸರಿಹೋಗುತ್ತದೆ ಎಂದು ಅನ್ನಿಸುವುದು ಸಹಜ. ಅದು ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ನೋಡಬೇಕು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸೇರಿಸಿಕೊಂಡರು. ಯುದ್ಧ ಮಾಡಲು ಮನಸ್ಸು ಒಪ್ಪದೆ, ಅದರ ಬದಲು ಹೀಗೆ ಸೇವೆ ಮಾಡುತ್ತೇವೆ ಎಂದು ಮುಂದೆ ಬಂದವರು ಅವರು. ದೇಹ ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದರು. 24 ವಾರ ಅವರಿಗೆ ಮಾಮೂಲಿ ತಿನ್ನುತ್ತಿದ್ದುದರ ಸುಮಾರು ಅರ್ಧ ಆಹಾರ ಕೊಟ್ಟರು. ತೂಕದಲ್ಲಿ ಕಾಲು ಭಾಗ ಇಳಿಯಿತು.

ಆದರೆ ತೂಕಕ್ಕಿಂತ ಅವರ ಮನಸ್ಸಿಗೆ ಆದದ್ದು ದೊಡ್ಡದು. ಸದಾ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಟ್ಟುಕೊಳ್ಳುವುದು, ತಟ್ಟೆ ನೆಕ್ಕುವುದು, ಒಂದು ಸಣ್ಣ ಊಟವನ್ನು ಗಂಟೆಗಟ್ಟಲೆ ಎಳೆಯುವುದು, ಸಿಟ್ಟು, ಖಿನ್ನತೆ, ಗೆಳೆಯರಿಂದ ದೂರ ಸರಿಯುವುದು. ಮತ್ತೆ ಊಟ ಕೊಡಲು ಶುರು ಮಾಡಿದ ಮೇಲೆ ಕೆಲವರು ಎಷ್ಟು ತಿಂದರೂ ತೃಪ್ತಿ ಇಲ್ಲದೆ ತಿಂದರು. ಇವರಲ್ಲಿ ಯಾರಿಗೂ ಮೊದಲು ಈಟಿಂಗ್ ಡಿಸಾರ್ಡರ್ ಇರಲಿಲ್ಲ. ಅನೊರೆಕ್ಸಿಯಾ ಇರುವ ಹುಡುಗಿ ತಾನು ತಿನ್ನದೆ ಮನೆಮಂದಿಗೆಲ್ಲ ಕೇಕ್ ಮಾಡಿ ಬಡಿಸುತ್ತಾಳೆ, ರಾತ್ರಿಯೆಲ್ಲ ಅಡುಗೆ ವಿಡಿಯೋ ನೋಡುತ್ತಾಳೆ ಅಂದರೆ ಅದು ನಾಟಕ ಅಲ್ಲ, ಹಠವೂ ಅಲ್ಲ. ಹಸಿದ ಮಿದುಳು ಹಾಗೆಯೇ ನಡೆದುಕೊಳ್ಳುತ್ತದೆ. ಅಂಥ ಮಿದುಳಿನ ಜೊತೆ ಮಾತಾಡಿ ಮಾತಾಡಿ ಬದಲಾವಣೆ ತರುವುದು ತುಂಬಾ ಕಷ್ಟ. ಕೌನ್ಸೆಲಿಂಗ್ ಹಿಡಿಯಬೇಕಾದರೂ ಹೊಟ್ಟೆಗೆ ಆಹಾರ ಹೋಗಬೇಕು. ಡಯಟಿಷಿಯನ್ ಇಲ್ಲಿ ಬೇಕಾಗುವುದು ಈ ಕಾರಣಕ್ಕೆ.

ಮೊದಲ ಭೇಟಿಯಲ್ಲಿ ಅವರು ಕೇಳುವ ಪ್ರಶ್ನೆಗಳು ಕೆಲವೊಮ್ಮೆ ವಿಚಿತ್ರ ಅನ್ನಿಸಬಹುದು. ಬೆಳಗಿನಿಂದ ಮೊದಲ ತುತ್ತಿನವರೆಗೆ ಎಷ್ಟು ಗಂಟೆ? ಮನೆಯಲ್ಲಿ ಅಡುಗೆ ಮಾಡುವವರು ಯಾರು, ಬಡಿಸುವವರು ಯಾರು? ಮುಟ್ಟು ಸರಿಯಾಗಿ ಆಗುತ್ತಿದೆಯಾ, ಎದ್ದು ನಿಂತರೆ ತಲೆ ತಿರುಗುತ್ತದಾ, ಫ್ಯಾನ್ ಹಾಕಿದರೂ ಚಳಿ ಆಗುತ್ತದಾ? ಯಾವ ಪದಾರ್ಥವನ್ನು ಯಾವಾಗ ಬಿಟ್ಟೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹುಟ್ಟಿನಿಂದ ಸಸ್ಯಾಹಾರಿ ಆಗಿರುವುದು ಬೇರೆ. ಮೀನು, ಕೋಳಿ ತಿನ್ನುತ್ತಿದ್ದ ಮನೆಯ ಹುಡುಗಿ ಒಂದು ದಿನ ಮಾಂಸ ಬಿಟ್ಟು, ಎರಡು ತಿಂಗಳಿಗೆ ತುಪ್ಪ ಬಿಟ್ಟು, ಆಮೇಲೆ ಹಾಲು, ಆಮೇಲೆ ಅನ್ನ ಬಿಟ್ಟರೆ ಅದು ಬೇರೆ. ಒಳ್ಳೆಯ ಡಯಟಿಷಿಯನ್ ಎರಡನ್ನೂ ಒಂದೇ ಎಂದು ನೋಡುವುದಿಲ್ಲ, ನಂಬಿಕೆಯಿಂದ ಬಿಟ್ಟದ್ದನ್ನು ತಿನ್ನು ಎಂದು ಒತ್ತಾಯ ಮಾಡುವುದೂ ಇಲ್ಲ.

ಇನ್ನು ಅತ್ಯಂತ ನಾಜೂಕಾದ ಕೆಲಸ. ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬಾ ಊಟ ಕೊಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಸೆರೆ ಶಿಬಿರಗಳಿಂದ ಬಿಡುಗಡೆಯಾದ ಜನ, ಕೊನೆಗೂ ಊಟ ಸಿಕ್ಕಿತು ಅನ್ನುವ ಹೊತ್ತಿಗೆ ಸತ್ತದ್ದನ್ನು ನೋಡಿ ವೈದ್ಯರಿಗೆ ಇದರ ಅರಿವಾಯಿತು. ಒಳಗೆ ಆಗುವುದು ಹೀಗೆ: ಉಪವಾಸದಲ್ಲಿ ದೇಹ ಕೊಬ್ಬನ್ನು ಕರಗಿಸಿ ಬದುಕುತ್ತಿರುತ್ತದೆ, ಜೀವಕೋಶಗಳೊಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಸದ್ದಿಲ್ಲದೆ ಖಾಲಿ ಆಗುತ್ತಿರುತ್ತವೆ. ಒಮ್ಮೆಗೇ ಅನ್ನ, ಸಕ್ಕರೆಯಂಥ ಪದಾರ್ಥ ಒಳಗೆ ಹೋದಾಗ ಇನ್ಸುಲಿನ್ ಏರುತ್ತದೆ, ಅದು ರಕ್ತದಲ್ಲಿ ಉಳಿದಿದ್ದ ಈ ಲವಣಗಳನ್ನೂ ಜೀವಕೋಶಗಳೊಳಗೆ ತಳ್ಳುತ್ತದೆ, ರಕ್ತದಲ್ಲಿ ಅವು ದಿಢೀರನೆ ಕುಸಿಯುತ್ತವೆ. ಹೃದಯದ ಬಡಿತ ತಪ್ಪಬಹುದು, ಉಸಿರಾಡುವ ಸ್ನಾಯುಗಳು ಸೋಲಬಹುದು. ಥಯಮಿನ್ ಅಂದರೆ ವಿಟಮಿನ್ ಬಿ1 ಕೂಡ ಬೇಗ ಖರ್ಚಾಗಿಬಿಡುತ್ತದೆ. ಹಾಗಾಗಿ ತೀರಾ ಸೊರಗಿದವರಿಗೆ ಎಷ್ಟರಿಂದ ಶುರು ಮಾಡಬೇಕು, ಯಾವ ದಿನ ಎಷ್ಟು ಏರಿಸಬೇಕು ಎಂದು ಡಯಟಿಷಿಯನ್ ಮತ್ತು ವೈದ್ಯರು ಸೇರಿ ಲೆಕ್ಕ ಹಾಕುತ್ತಾರೆ, ಮೊದಲ ಕೆಲವು ದಿನ ರಕ್ತಪರೀಕ್ಷೆ ಮತ್ತೆ ಮತ್ತೆ ಮಾಡುತ್ತಾರೆ. ಹಾಗಂತ ಹೆದರಿ ತುಂಬಾ ಕಡಿಮೆ ಕೊಡುತ್ತಾ ಕೂತರೂ ತಪ್ಪೇ, ಸೊರಗಿದ ದೇಹ ಇನ್ನಷ್ಟು ಸೊರಗುತ್ತದೆ. ಈ ಎರಡರ ನಡುವಿನ ದಾರಿ ಹುಡುಕುವುದಕ್ಕೆ ತರಬೇತಿ ಬೇಕು. ಯೂಟ್ಯೂಬ್ ನೋಡಿ ಮಾಡುವ ಕೆಲಸ ಅಲ್ಲ.

ಅಪಾಯದ ಹಂತ ದಾಟಿದ ಮೇಲೆ ದಿನನಿತ್ಯದ ಊಟ. ಬಹಳಷ್ಟು ಕಡೆ ಅನುಸರಿಸುವ ಪದ್ಧತಿ ಸರಳ: ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಸಿವಾದಾಗ ತಿನ್ನು ಎಂದು ಅವರು ಹೇಳುವುದಿಲ್ಲ, ಗಡಿಯಾರ ನೋಡಿ ತಿನ್ನು ಎನ್ನುತ್ತಾರೆ. ಯಾಕೆಂದರೆ ಈ ಕಾಯಿಲೆಯಲ್ಲಿ ಹಸಿವು ಮತ್ತು ಹೊಟ್ಟೆ ತುಂಬಿದ ಸೂಚನೆ ಎರಡೂ ಹದಗೆಟ್ಟಿರುತ್ತವೆ. ಕಡಿಮೆ ತಿಂದು ತಿಂದು ಹೊಟ್ಟೆ ಖಾಲಿ ಆಗುವ ವೇಗವೇ ನಿಧಾನ ಆಗಿರುತ್ತದೆ, ಎರಡು ಇಡ್ಲಿ ತಿಂದರೂ ಹೊಟ್ಟೆ ಬಿರಿಯುವ ಹಾಗೆ ಅನ್ನಿಸುವುದು ನಿಜ. ಸುಮ್ನೆ ಹೇಳುತ್ತಿಲ್ಲ ಅವರು. ಹೊತ್ತಿಗೆ ಸರಿಯಾಗಿ ತಿನ್ನುತ್ತಾ ಹೋದರೆ ಅದು ಕ್ರಮೇಣ ಸರಿಯಾಗುತ್ತದೆ. ಈ ವೇಳಾಪಟ್ಟಿ ಸೈಕಲ್ ಕಲಿಯುವಾಗ ಹಿಂದಿನಿಂದ ಸೀಟು ಹಿಡಿದುಕೊಂಡ ಕೈ ಇದ್ದ ಹಾಗೆ, ಬ್ಯಾಲೆನ್ಸ್ ಬಂದ ಮೇಲೆ ಬಿಡಲೇಬೇಕಾದದ್ದು.

ಇಲ್ಲಿ ನಮ್ಮ ಆರೋಗ್ಯದ ತಿಳಿವಳಿಕೆ ಎಲ್ಲ ತಲೆಕೆಳಗಾಗುತ್ತದೆ. ರಾಗಿ, ನವಣೆ, ಸೌತೆಕಾಯಿ, ಕೋಸಂಬರಿ, ಸೊಪ್ಪು ಎಲ್ಲ ಒಳ್ಳೆಯದೇ, ಅಲ್ವಾ? ಆದರೆ ತೂಕ ತೀರಾ ಇಳಿದವರಿಗೆ ನಾರಿನ ಅಂಶ ಜಾಸ್ತಿ ಇರುವ ಪದಾರ್ಥ ಬೇಗ ಹೊಟ್ಟೆ ತುಂಬಿಸುತ್ತದೆ, ಉಬ್ಬರ ಹೆಚ್ಚಿಸುತ್ತದೆ, ಬೇಕಾದ ಶಕ್ತಿ ಮಾತ್ರ ಸಿಗುವುದಿಲ್ಲ. ಅವರಿಗೆ ಡಯಟಿಷಿಯನ್ ಬಿಳಿ ಅನ್ನ, ತುಪ್ಪ, ಶೇಂಗಾ ಚಟ್ನಿ, ಕೆನೆ ಇರುವ ಹಾಲು, ಬಾಳೆಹಣ್ಣು, ಬೆಲ್ಲ ಹಾಕಿದ ಪಾಯಸ ಎಂದು ಹೇಳಿದರೆ ಮನೆಯವರೇ ಬೆಚ್ಚಿಬೀಳುತ್ತಾರೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಕೊಲೆಸ್ಟ್ರಾಲ್, ಇಡೀ ಮನೆ ಸಿರಿಧಾನ್ಯಕ್ಕೆ ತಿರುಗಿರುವಾಗ ಮಗಳಿಗೆ ಮಾತ್ರ ತುಪ್ಪವಾ? ಹೌದು. ಅಪ್ಪನ ದೇಹಕ್ಕೆ ಬೇಕಾದದ್ದು ಬೇರೆ, ಅವಳ ದೇಹಕ್ಕೆ ಈಗ ಬೇಕಾದದ್ದು ಬೇರೆ. ಇದನ್ನು ಮನೆಯವರೆಲ್ಲರಿಗೂ ಕೂರಿಸಿ ಹೇಳುವುದು ಡಯಟಿಷಿಯನ್ ಕೆಲಸದ ದೊಡ್ಡ ಪಾಲು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅನುಭವ ಇರುವ ಡಯಟಿಷಿಯನ್‌ಗಳು ರೋಗಿಯ ಹತ್ತಿರ ಕ್ಯಾಲೊರಿ ಲೆಕ್ಕದಲ್ಲಿ ಮಾತಾಡುವುದನ್ನು ಆದಷ್ಟೂ ತಪ್ಪಿಸುತ್ತಾರೆ. ಸೌಟು, ಬಟ್ಟಲು, ಒಂದು ಚಪಾತಿ, ಮೂರು ಇಡ್ಲಿ ಎನ್ನುತ್ತಾರೆ. ಆ ಲೆಕ್ಕ ರೋಗಿಯ ತಲೆಯಲ್ಲಿ ಈಗಾಗಲೇ ದಿನವಿಡೀ ಓಡುತ್ತಿರುತ್ತದೆ, ಇವರೂ ಅದನ್ನೇ ಶುರು ಮಾಡಿದರೆ ಕಾಯಿಲೆಗೆ ಸಹಾಯ ಮಾಡಿದ ಹಾಗೆ. ತೂಕ ನೋಡುವಾಗಲೂ ಕೆಲವರನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ, ಕೆಲವರಿಗೆ ಸಂಖ್ಯೆ ತೋರಿಸಿ ಅದರ ಬಗ್ಗೆ ಮಾತಾಡುತ್ತಾರೆ, ಯಾರಿಗೆ ಯಾವುದು ಸರಿ ಎಂದು ಚಿಕಿತ್ಸೆ ಕೊಡುವವರೆಲ್ಲ ಸೇರಿ ತೀರ್ಮಾನಿಸುತ್ತಾರೆ.

ಜೊತೆಗೆ ಪಾಠವೂ ನಡೆಯುತ್ತದೆ. ಊಟ ಶುರುವಾದ ಮೇಲೆ ಕಾಲು ಊದಿಕೊಳ್ಳಬಹುದು, ರಾತ್ರಿ ಬೆವರಬಹುದು, ಬಂದ ತೂಕ ಮೊದಲು ಹೊಟ್ಟೆಯ ಸುತ್ತಲೇ ಕೂತ ಹಾಗೆ ಕಾಣಬಹುದು. ಇವು ಯಾಕೆ ಆಗುತ್ತವೆ, ಕಾಲಕ್ರಮದಲ್ಲಿ ಹೇಗೆ ಸರಿಹೋಗುತ್ತವೆ ಎಂದು ಮೊದಲೇ ಹೇಳಿದ್ದರೆ ಆ ದಿನ ಬಂದಾಗ ರೋಗಿ ಹೆದರಿ ಊಟ ಬಿಡುವ ಸಾಧ್ಯತೆ ಕಡಿಮೆ. ಭೇದಿ ಮಾತ್ರೆ ತೆಗೆದುಕೊಳ್ಳುವವರಿಗೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳುತ್ತಾರೆ: ಆಹಾರದ ಶಕ್ತಿಯನ್ನು ದೇಹ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ, ಈ ಮಾತ್ರೆ ಕೆಲಸ ಮಾಡುವುದು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ. ಹೋಗುವುದು ನೀರು ಮತ್ತು ಪೊಟ್ಯಾಸಿಯಂ, ಕೊಬ್ಬಲ್ಲ. ಪೊಟ್ಯಾಸಿಯಂ ಕುಸಿದರೆ ಪೆಟ್ಟು ಬೀಳುವುದು ಹೃದಯಕ್ಕೆ. ವಾಂತಿ ಆದ ತಕ್ಷಣ ಹಲ್ಲು ಉಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮೆಲ್ ಸವೆಯುತ್ತದೆ, ನೀರಿನಲ್ಲಿ ಬಾಯಿ ಮುಕ್ಕಳಿಸಿ ಸಾಕು ಎನ್ನುವಂಥ ಸಣ್ಣ ಮಾತೂ ಅವರಿಂದ ಬರುತ್ತದೆ. ಅದರಲ್ಲಿ ಬೈಗುಳ ಇರುವುದಿಲ್ಲ ಅನ್ನುವುದೇ ದೊಡ್ಡ ವಿಷಯ.

ಬಿಂಜ್ ಈಟಿಂಗ್ ಮತ್ತು ಬುಲಿಮಿಯಾ ಇರುವವರ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಡಬ್ಬಿಯಲ್ಲಿ ಹೆಚ್ಚಿದ ತರಕಾರಿ, ಸಂಜೆವರೆಗೆ ಹೇಗೋ ತಡೆದುಕೊಂಡಿರುತ್ತಾರೆ. ರಾತ್ರಿ ಹತ್ತಕ್ಕೆ ಕಟ್ಟೆ ಒಡೆಯುತ್ತದೆ. ಆಮೇಲೆ ನಾಚಿಕೆ, ನಾಳೆಯಿಂದ ಇನ್ನೂ ಕಟ್ಟುನಿಟ್ಟು ಎಂಬ ಶಪಥ, ನಾಳೆ ರಾತ್ರಿ ಮತ್ತೆ ಅದೇ. ಇವರು ಡಯಟಿಷಿಯನ್ ಹತ್ತಿರ ಬಂದು ಕೇಳುವುದು ಇನ್ನೂ ಗಟ್ಟಿ ಪಥ್ಯ. ಡಯಟಿಷಿಯನ್ ಹೇಳುವುದು: ಬೆಳಿಗ್ಗೆ ತಿಂಡಿ ತಿನ್ನಿ, ಮಧ್ಯಾಹ್ನ ಅನ್ನ ಸಾರು ಪಲ್ಯ ಹೊಟ್ಟೆ ತುಂಬಾ ಊಟ ಮಾಡಿ, ಐದು ಗಂಟೆಗೆ ಏನಾದರೂ ತಿನ್ನಿ. ರಾತ್ರಿಯ ಬಿಂಜ್ ಹುಟ್ಟುವುದು ಎಷ್ಟೋ ಸಲ ಹಗಲಿನ ಉಪವಾಸದಲ್ಲಿ. ಮೈ ದಪ್ಪ ಇರುವವರಿಗೆ ಈ ಸಲಹೆ ಸಿಗುವುದೇ ಅಪರೂಪ, ಅವರು ಎಲ್ಲಿ ಹೋದರೂ ತೂಕ ಇಳಿಸಿ ಎಂದೇ ಕೇಳಿಸಿಕೊಂಡು ಬಂದಿರುತ್ತಾರೆ, ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದರಂತೂ ಇನ್ನೂ ಜಾಸ್ತಿ. ನೋಡಲು ಸಣ್ಣ ಇಲ್ಲದವರಿಗೂ ಈಟಿಂಗ್ ಡಿಸಾರ್ಡರ್ ಜೋರಾಗಿಯೇ ಇರಬಹುದು. ಹುಡುಗರಿಗೂ ಇರಬಹುದು. ಜಿಮ್, ಪ್ರೋಟೀನ್ ಪುಡಿ, ಅನ್ನ ಮುಟ್ಟಲ್ಲ ಎಂಬ ಹೆಸರಿನಲ್ಲಿ ಅದು ಅಡಗಿಕೊಂಡಿರುತ್ತದೆ.

ನಿಧಾನವಾಗಿ ಭಯದ ಪದಾರ್ಥಗಳ ಸರದಿ ಬರುತ್ತದೆ. ರೋಗಿ ಮತ್ತು ಡಯಟಿಷಿಯನ್ ಸೇರಿ ಒಂದು ಪಟ್ಟಿ ಮಾಡುತ್ತಾರೆ, ಕಡಿಮೆ ಹೆದರಿಕೆಯದ್ದು ಕೆಳಗೆ, ಜಾಸ್ತಿ ಹೆದರಿಕೆಯದ್ದು ಮೇಲೆ. ಒಬ್ಬರಿಗೆ ತುಪ್ಪ, ಇನ್ನೊಬ್ಬರಿಗೆ ಒಬ್ಬಟ್ಟು, ಮತ್ತೊಬ್ಬರಿಗೆ ತಾವು ಕಣ್ಣಾರೆ ನೋಡದೆ ಬೇರೆಯವರು ಮಾಡಿದ ಯಾವುದೇ ಅಡುಗೆ. ಕೆಳಗಿನಿಂದ ಒಂದೊಂದೇ ತಿಂದು ನೋಡುತ್ತಾರೆ, ಕೆಲವೊಮ್ಮೆ ಡಯಟಿಷಿಯನ್ ಎದುರಿಗೇ ಕೂತು. ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿನ್ನುವುದೂ ಚಿಕಿತ್ಸೆಯ ಭಾಗವೇ. ಆಗ ಎದೆ ಹೊಡೆದುಕೊಳ್ಳುತ್ತದೆ, ಅರ್ಧ ಗಂಟೆ ಕೂತರೆ ಇಳಿಯುತ್ತದೆ, ಹತ್ತಾರು ಸಲ ಆದ ಮೇಲೆ ದೋಸೆ ದೋಸೆಯಷ್ಟೇ ಆಗುತ್ತದೆ. ಮದುವೆ ಮನೆಯ ಎಲೆ ಊಟಕ್ಕೆ ಕೂರುವುದು, ಹಾಸ್ಟೆಲ್ ಮೆಸ್, ಕಚೇರಿಯ ಹುಟ್ಟುಹಬ್ಬದ ಕೇಕ್, ಇವೆಲ್ಲ ಹೀಗೇ ಒಂದೊಂದಾಗಿ ಅಭ್ಯಾಸ ಆಗಬೇಕು.

ಆದರೆ ಡಯಟಿಷಿಯನ್ ಒಬ್ಬರಿಂದಲೇ ಇದು ಆಗುವ ಕೆಲಸ ಅಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಸರಿ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಅನೊರೆಕ್ಸಿಯಾಕ್ಕೆ ಬರೀ ಆಹಾರದ ಸಲಹೆಯನ್ನಷ್ಟೇ ಚಿಕಿತ್ಸೆಯಾಗಿ ಕೊಡಬಾರದು, ಬೇರೆ ತಜ್ಞರ ಜೊತೆ ಸೇರಿದ ಚಿಕಿತ್ಸೆಯ ಭಾಗವಾಗಿ ಮಾತ್ರ ಕೊಡಬೇಕು ಎಂದಿದೆ. ಹೃದಯ, ಮೂಳೆ, ರಕ್ತದ ಲವಣ ನೋಡಲು ವೈದ್ಯರು ಬೇಕು. ಖಿನ್ನತೆ, ಆತಂಕ, ತನ್ನ ದೇಹದ ಬಗ್ಗೆ ಇರುವ ದ್ವೇಷ, ಮನೆಯೊಳಗಿನ ನೋವು ಇವುಗಳಿಗೆ ಮನೋವೈದ್ಯರು, ಮನಃಶಾಸ್ತ್ರಜ್ಞರು ಬೇಕು. ಹದಿಹರೆಯದವರಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯಲ್ಲಿ ತಂದೆ ತಾಯಿಯೇ ಊಟದ ಹೊಣೆ ಹೊರುತ್ತಾರೆ, ಡಯಟಿಷಿಯನ್ ಅಲ್ಲಿ ಹಿಂದೆ ನಿಂತು ಅವರಿಗೆ ಧೈರ್ಯ ಕೊಡುತ್ತಾರೆ.

ತಪ್ಪು ಕೈಗೆ ಸಿಕ್ಕರೆ ಹಾನಿಯೂ ಆಗುತ್ತದೆ, ಇದನ್ನು ಮುಚ್ಚಿಡಬಾರದು. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ನ್ಯೂಟ್ರಿಷನಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಡಿಟಾಕ್ಸ್, ಮೊದಲು ಮತ್ತು ಆಮೇಲೆ ಎಂಬ ಫೋಟೋಗಳು, ವಾರಕ್ಕೆ ಇಷ್ಟು ಕಿಲೋ ಎಂಬ ಭರವಸೆ ಕಂಡರೆ ಈ ಕಾಯಿಲೆ ಇರುವವರನ್ನು ಆ ಕಡೆ ಕರೆದುಕೊಂಡು ಹೋಗಬೇಡಿ. ಆಹಾರ ಮತ್ತು ಪೋಷಣೆಯಲ್ಲಿ ಪದವಿ, ಆಸ್ಪತ್ರೆಯಲ್ಲಿ ತರಬೇತಿ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ರಿಜಿಸ್ಟರ್ಡ್ ಡಯಟಿಷಿಯನ್ ಅರ್ಹತೆ ಇದೆಯಾ ಎಂದು ನೋಡಿ. ಅದೂ ಸಾಲದು. ಈಟಿಂಗ್ ಡಿಸಾರ್ಡರ್ ಇರುವವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ, ಮನೋವೈದ್ಯರ ಜೊತೆ ಮಾತಾಡಿಕೊಂಡು ಕೆಲಸ ಮಾಡುತ್ತೀರಾ ಎಂದು ಮೊದಲೇ ಕೇಳಿ. ಕೇಳಿದ್ದಕ್ಕೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಯವರಿಗೆ ಎರಡು ಮಾತು. ಊಟದ ಹೊತ್ತಿನಲ್ಲಿ ತಟ್ಟೆಯ ಬಗ್ಗೆ, ಮೈಯ ಬಗ್ಗೆ ಮಾತು ಬೇಡ. ಚೇತರಿಸಿಕೊಳ್ಳುತ್ತಿರುವವರಿಗೆ ಈಗ ಮೈ ತುಂಬಿಕೊಂಡು ಚೆನ್ನಾಗಿ ಕಾಣ್ತೀಯ ಎಂದು ಅತ್ತೆಯೋ ಚಿಕ್ಕಮ್ಮನೋ ಪ್ರೀತಿಯಿಂದಲೇ ಹೇಳಿದರೂ ಅವರ ಕಿವಿಗೆ ಬೀಳುವುದು ದಪ್ಪ ಆಗಿದ್ದೀಯ ಎಂದೇ. ಮನೆಗೆ ಬರುವ ನೆಂಟರಿಗೆ ಇದನ್ನು ಮೊದಲೇ ಹೇಳಿಡಿ. ಏಕಾದಶಿ, ಸಂಕಷ್ಟಿ, ರಂಜಾನ್ ಯಾವುದೇ ಉಪವಾಸ ಇರಲಿ, ಕಾಯಿಲೆ ಇರುವವರಿಗೆ ಅದರಿಂದ ವಿನಾಯಿತಿ ಇದೆ. ಡಯಟಿಷಿಯನ್ ಉಪವಾಸ ಬೇಡ ಅಂದರೆ ಅಜ್ಜಿಯನ್ನೂ ಒಪ್ಪಿಸುವ ಜವಾಬ್ದಾರಿ ನಿಮ್ಮದು. ಪೂಜೆ ಮಾಡಲಿ, ಪ್ರಸಾದವನ್ನೂ ತಿನ್ನಲಿ.

ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ. ಅನುಭವ ಇರುವ ಡಯಟಿಷಿಯನ್ ನಿಮ್ಮ ಊರಿನಲ್ಲಿ ಸಿಗದಿದ್ದರೆ ವಿಡಿಯೋ ಕರೆಯಲ್ಲಿ ನೋಡುವವರು ಸಿಗಬಹುದು, ಆದರೆ ತೂಕ, ಬಿಪಿ, ರಕ್ತಪರೀಕ್ಷೆಗೆ ಹತ್ತಿರದ ಒಬ್ಬ ಡಾಕ್ಟರ್ ಇರಲೇಬೇಕು.

ತಲೆ ತಿರುಗಿ ಬೀಳುವುದು, ಎದೆ ಬಡಿತ ತೀರಾ ನಿಧಾನ ಅಥವಾ ಏರುಪೇರು, ಕೂತಲ್ಲಿಂದ ಏಳಲು ಕೈ ಊರಬೇಕಾಗುವುದು, ಕೆಲವು ದಿನದಿಂದ ಹೊಟ್ಟೆಗೆ ಏನೂ ಹೋಗದಿರುವುದು, ಸಾಯಬೇಕು ಎನ್ನುವ ಮಾತು, ಇವುಗಳಲ್ಲಿ ಯಾವುದೊಂದು ಕಂಡರೂ ಡಯಟಿಷಿಯನ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಎಷ್ಟು ದಿನದಿಂದ ಸರಿಯಾಗಿ ತಿಂದಿಲ್ಲ, ಎಷ್ಟು ತೂಕ ಇಳಿದಿದೆ, ವಾಂತಿ ಅಥವಾ ಭೇದಿ ಮಾತ್ರೆ ಇದೆಯಾ ಎನ್ನುವುದನ್ನು ಬಾಗಿಲಲ್ಲೇ ಹೇಳಿಬಿಡಿ. ಸುಸ್ತು ಅಂದ ಕೂಡಲೇ ಗ್ಲೂಕೋಸ್ ಡ್ರಿಪ್ ಹಾಕುವುದು ನಮ್ಮಲ್ಲಿ ರೂಢಿ. ತುಂಬಾ ದಿನ ಉಪವಾಸ ಇದ್ದ ದೇಹಕ್ಕೆ ಥಯಮಿನ್ ಕೊಡದೆ, ಲವಣಗಳನ್ನು ನೋಡದೆ ಅದನ್ನು ಹಾಕಿದರೆ ಮೇಲೆ ಹೇಳಿದ ರೀಫೀಡಿಂಗ್ ತೊಂದರೆ ಅಲ್ಲೇ ಶುರುವಾಗಬಹುದು.